ಡ್ರೈಸೂಟ್ ಡೈವಿಂಗ್‌ಗೆ ಕೋರ್ಸ್ ಮಾಡಲೇಬೇಕಾ? ಕಲಬುರಗಿಯಿಂದ ಒಂದು ಪ್ರಶ್ನೆ

ಶಹಾಬಾದ್_ಕಲ್ಲು:

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಕಾಲೇಜು ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತೇನೆ. ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ಇದು ಉತ್ತರ ಅಮೆರಿಕದ ಭೂಫಲಕ, ಇದು ಯುರೇಷಿಯಾದ್ದು, ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ದೂರ ಸರಿಯುತ್ತಿವೆ ಅಂತ ಹೇಳುತ್ತಾ ಬಂದಿದ್ದೇನೆ. ಆ ಬಿರುಕಿನೊಳಗೆ ಮನುಷ್ಯರು ಇಳಿದು ಈಜಬಹುದು ಅಂತ ನನಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ. ಐಸ್‌ಲ್ಯಾಂಡಿನ ಥಿಂಗ್‌ವೆಲ್ಲಿರ್ ನ್ಯಾಷನಲ್ ಪಾರ್ಕಿನಲ್ಲಿರುವ ಸಿಲ್ಫ್ರಾ. ಹಿಮನದಿ ಕರಗಿದ ನೀರು ಲಾವಾ ಕಲ್ಲಿನೊಳಗೆ ಹತ್ತಾರು ವರ್ಷ ಸೋಸಿ ಬಂದು ಅಲ್ಲಿ ಹೊರಬೀಳುತ್ತದೆ. ಅದಕ್ಕೇ 100 ಮೀಟರ್ ಆಚೆಯ ಕಲ್ಲು ಕೂಡ ಕಾಣುತ್ತದಂತೆ. ಅವತ್ತಿನಿಂದ ನನಗೆ ಬೇರೆ ಏನೂ ತಲೆಗೆ ಹೋಗಿಲ್ಲ.

ಚಿಕ್ಕಂದಿನಲ್ಲಿ ಗಾಣಗಾಪುರದ ಹತ್ತಿರ ಭೀಮಾ ಹೊಳೆಯಲ್ಲಿ ಈಜು ಕಲಿತವನು ನಾನು. ನೀರಿನ ಹೆದರಿಕೆ ಇಲ್ಲ. ಹೋದ ವರ್ಷ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಕೋರ್ಸ್, ಅಂದರೆ ಡೈವಿಂಗಿನ ಮೊದಲ ಕೋರ್ಸ್, ಮುಗಿಸಿದೆ. ಈಗ ಒಟ್ಟು 11 ಡೈವ್ ಆಗಿವೆ. ಎಲ್ಲವೂ ಬೆಚ್ಚನೆಯ ನೀರಿನಲ್ಲಿ, ತೆಳುವಾದ ವೆಟ್‌ಸೂಟ್ ಹಾಕಿಕೊಂಡು.

ಸಿಲ್ಫ್ರಾದ ನೀರು ವರ್ಷವಿಡೀ 2ರಿಂದ 4 ಡಿಗ್ರಿ. ಡ್ರೈಸೂಟ್ ಇಲ್ಲದೆ ಇಳಿಯಲು ಬಿಡುವುದಿಲ್ಲ. ಜೊತೆಗೆ ಒಂದು ನಿಯಮ ಇದೆ. ಡ್ರೈಸೂಟ್ ಸರ್ಟಿಫಿಕೇಟ್ ಇರಬೇಕು, ಇಲ್ಲವೇ ಹಿಂದಿನ ಎರಡು ವರ್ಷದಲ್ಲಿ 10 ಡ್ರೈಸೂಟ್ ಡೈವ್ ಮಾಡಿದ ದಾಖಲೆ ಲಾಗ್‌ಬುಕ್ಕಿನಲ್ಲಿರಬೇಕು. ನನಗೆ ಪರಿಚಯದವರೊಬ್ಬರು ಇದ್ದಾರೆ, ತುಂಬ ಡೈವ್ ಮಾಡಿದವರು. "ಕೋರ್ಸಿಗೆ ಯಾಕೆ ದುಡ್ಡು ಸುರಿಯುತ್ತೀರಿ, ಅದು ಬರೀ ಕಾಗದ. ಸೂಟ್ ಹಾಕುವುದನ್ನು ನಾನು ಒಂದು ಮಧ್ಯಾಹ್ನ ತೋರಿಸುತ್ತೇನೆ, 10 ಡೈವ್ ಬರೆದು ಸಹಿ ಮಾಡಿಕೊಡುತ್ತೇನೆ" ಅಂದರು. ಪ್ರೀತಿಯಿಂದಲೇ ಹೇಳಿದರು. ಆದರೆ ನನಗೆ ಅವತ್ತಿನಿಂದ ಸಮಾಧಾನವಿಲ್ಲ.

ಐಸ್‌ಲ್ಯಾಂಡಿನಲ್ಲೇ ಎರಡು ದಿನದ ಕೋರ್ಸ್ ಮಾಡಬಹುದು. ಆದರೆ ಫೀಸು, ಎರಡು ದಿನ ಜಾಸ್ತಿ ಉಳಿಯುವ ಖರ್ಚು ಸೇರಿದರೆ ನನ್ನಂಥವನಿಗೆ ದೊಡ್ಡ ಮೊತ್ತ. ಮಗಳ ಹಾಸ್ಟೆಲ್ ಫೀಸೂ ಇದೇ ವರ್ಷ ಕಟ್ಟಬೇಕು. ಹಾಗಾಗಿ ನೇರವಾಗಿ ಕೇಳುತ್ತೇನೆ. ಆ ಕೋರ್ಸಿನಲ್ಲಿ ನಿಜವಾಗಿ ಕಲಿಯುವಂಥದ್ದು ಇದೆಯಾ? ಡ್ರೈಸೂಟ್ ಅಂದರೆ ನೀರು ಒಳಗೆ ಬಾರದ ಬಟ್ಟೆ ಅಷ್ಟೇ ಅಲ್ವಾ?

ಬೀದರ್_ಬಾವಿ:

ಸರ್, ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ. ಡ್ರೈಸೂಟ್ ಅಂದರೆ ನೀರು ಬಾರದ ಬಟ್ಟೆ ಅಲ್ಲ. ನೀವು ಒಳಗೆ ಕೂತಿರುವ ಗಾಳಿಚೀಲ ಅದು.

ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಖಾಲಿ ಡಬ್ಬವನ್ನೋ ಕಟ್ಟುತ್ತಿದ್ದರಲ್ಲ. ಹಗ್ಗ ಸಡಿಲಾಗಿ ಡಬ್ಬ ಸೊಂಟದಿಂದ ಕೆಳಗೆ ಜಾರಿದರೆ ಏನಾಗುತ್ತಿತ್ತು ನೆನಪಿದೆಯಾ? ಕಾಲು ಮೇಲೆ, ತಲೆ ಕೆಳಗೆ. ಎಷ್ಟೇ ಒದ್ದಾಡಿದರೂ ತಲೆ ಮೇಲೆ ಬರುವುದಿಲ್ಲ, ದಂಡೆಯ ಮೇಲಿದ್ದವರು ಹಾರಿ ಎತ್ತಬೇಕು. ಡ್ರೈಸೂಟಿನಲ್ಲಿ ಆ ಡಬ್ಬ ಹಗ್ಗವಿಲ್ಲದೆ ನಿಮ್ಮ ಮೈತುಂಬ ಓಡಾಡುತ್ತಿರುತ್ತದೆ.

ನಾನು ಆರು ವರ್ಷ ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡಿದೆ. ಅಲ್ಲಿ ಒಬ್ಬ ಗೆಳೆಯ ತನ್ನ ಹಳೆಯ ಸೂಟ್ ಕೊಟ್ಟ. ನನಗಿಂತ ಎರಡು ಸೈಜ್ ದೊಡ್ಡದು. ಗಾಡಿ ನಿಲ್ಲಿಸುವ ಜಾಗದಲ್ಲಿ ಹದಿನೈದು ನಿಮಿಷ ಪಾಠ ಹೇಳಿದ. ಎದೆಯ ಮೇಲಿನ ಗುಂಡಿ ಒತ್ತಿದರೆ ಗಾಳಿ ಒಳಗೆ, ಎಡತೋಳಿನ ವಾಲ್ವಿನಿಂದ ಗಾಳಿ ಹೊರಗೆ, ಮುಗಿಯಿತು. ಮೊದಲ ಎರಡು ಡೈವ್ ಚೆನ್ನಾಗಿಯೇ ಆದವು. ಮೂರನೆಯದು ಲಾಕ್ ಲಾಂಗ್ ಅನ್ನುವ ಸಮುದ್ರದ ಕವಲಿನಲ್ಲಿ, ಫೆಬ್ರವರಿ ತಿಂಗಳು. 11 ಮೀಟರ್ ಆಳದಲ್ಲಿ ಒಂದು ಬಂಡೆ, ಅದರ ಕೆಳಗೆ ಲಾಬ್‌ಸ್ಟರ್. ನೋಡೋಣ ಅಂತ ತಲೆ ಬಗ್ಗಿಸಿದೆ. ಅಷ್ಟೇ ಮಾಡಿದ್ದು.

ಸೂಟಿನೊಳಗಿನ ಗಾಳಿಯೆಲ್ಲ ಕಾಲಿಗೆ ಹೋಯಿತು. ಕಾಲು ಬಲೂನಿನ ಹಾಗೆ ಉಬ್ಬಿ, ಬೂಟೊಳಗಿಂದ ಪಾದ ಮೇಲೆ ಬಂತು, ಎಡಗಾಲಿನ ಫಿನ್ (ಈಜುರೆಕ್ಕೆ) ಕಳಚಿಹೋಯಿತು. ನಾನು ತಲೆಕೆಳಗಾಗಿ ಮೇಲೆ ಹೊರಟೆ. ಗಾಳಿ ಬಿಡೋಣ ಅಂದರೆ ವಾಲ್ವ್ ಇರುವುದು ತೋಳಿನಲ್ಲಿ, ತೋಳು ಈಗ ಕೆಳಗೆ, ಗಾಳಿ ಮೇಲೆ. ಒಂದು ಗುಳ್ಳೆ ಹೊರಗೆ ಹೋಗಲಿಲ್ಲ. ಮೇಲೆ ಹೋದಷ್ಟೂ ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ಇನ್ನೂ ಜೋರಾಗಿ ಮೇಲೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಅಂದರೆ ಅಲ್ಲಿಂದ ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಅದೇ ಗಾಳಿ ಎರಡರಷ್ಟಾಗುತ್ತದೆ. ಇದು ನಿಮಗೆ ಓಪನ್ ವಾಟರ್ ಕೋರ್ಸಿನಲ್ಲೇ ಹೇಳಿರುತ್ತಾರೆ. ನನಗೂ ಹೇಳಿದ್ದರು, ಪರೀಕ್ಷೆಯಲ್ಲಿ ಸರಿಯುತ್ತರವನ್ನೂ ಬರೆದಿದ್ದೆ. ಆ ಹೊತ್ತಿನಲ್ಲಿ ಕೈಕಾಲಿಗೆ ಅದು ಗೊತ್ತಿರಲಿಲ್ಲ.

ಉಸಿರು ಹಿಡಿಯಬಾರದು ಅನ್ನುವುದೊಂದು ಮಾತ್ರ ನೆನಪಿತ್ತು, ಮೇಲೆ ಬರುವವರೆಗೂ ಕೂಗುತ್ತಲೇ ಇದ್ದೆ. ಅದೇ ನನ್ನನ್ನು ಉಳಿಸಿತು. ಮೂಗಿನಿಂದ ರಕ್ತ, ಒಂದು ಕಿವಿ ಎರಡು ವಾರ ಕೇಳಿಸಲಿಲ್ಲ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಒಂದು ರಾತ್ರಿ ಇಟ್ಟುಕೊಂಡರು. ಐದು ತಿಂಗಳು ನಾನು ನೀರಿಗೆ ಇಳಿಯಲಿಲ್ಲ.

ಆಮೇಲೆ ಕೋರ್ಸಿಗೆ ಸೇರಿದೆ. ಅಲ್ಲಿ ಆದದ್ದು ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಉತ್ತರ ಇದೇ. ಈಜುಕೊಳದಲ್ಲಿ ಆ ಟೀಚರಮ್ಮ ನನಗೆ ಬೇಕಂತಲೇ ಕಾಲಿಗೆ ಗಾಳಿ ತುಂಬಿಕೊಳ್ಳಲು ಹೇಳಿದರು. ನನಗೆ ಮೈ ನಡುಗಿತು. ಅವರು ನನ್ನ ಬೆಲ್ಟ್ ಹಿಡಿದುಕೊಂಡೇ ಇದ್ದರು. ಮಂಡಿಯನ್ನು ಎದೆಗೆ ಎಳೆದುಕೋ, ಪಲ್ಟಿ ಹೊಡೆ, ತಲೆ ಮೇಲಾದ ತಕ್ಷಣ ಎಡಮೊಣಕೈ ಎತ್ತು. ಮೊದಲ ಸಲ ಆಗಲಿಲ್ಲ. ಎರಡನೆಯದೂ ಇಲ್ಲ. ಒಂಬತ್ತು ಸಲ ಮಾಡಿಸಿದರು. ಕೊನೆಗೆ ಯೋಚನೆಯೇ ಇಲ್ಲದೆ ಮೈ ತಾನೇ ತಿರುಗಲು ಶುರುವಾಯಿತು. ಆಮೇಲೆ ದಪ್ಪ ಗ್ಲೌಸ್ ಹಾಕಿಸಿ, ಕಣ್ಣು ಮುಚ್ಚಿಸಿ, ಎದೆಯ ಮೇಲಿನ ಗಾಳಿ ಪೈಪನ್ನು ಕಳಚುವುದು. ಯಾಕೆಂದರೆ ತಣ್ಣೀರಿನಲ್ಲಿ ಆ ಗುಂಡಿ ಒಮ್ಮೊಮ್ಮೆ ಒತ್ತಿದಲ್ಲೇ ಸಿಕ್ಕಿಕೊಂಡು ಗಾಳಿ ತುಂಬುತ್ತಲೇ ಹೋಗುತ್ತದೆ. ಆಗ ನಿಮಗೆ ಸಿಗುವುದು ಕೆಲವೇ ಸೆಕೆಂಡು.

ಸೂಟ್ ಹಾಕಿಕೊಳ್ಳುವುದನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ತೋರಿಸಬಹುದು. ತಪ್ಪನ್ನು ಬೇಕಂತಲೇ ಮಾಡಿ, ಅದರಿಂದ ಹೊರಬರುವುದನ್ನು ಹಿಡಿದು ಕಲಿಸುವವರು ಬೇಕು. ಆ ಸುಳ್ಳು ಲಾಗ್‌ಬುಕ್ ಬೇಡ ಸರ್, ಕೈ ಮುಗಿದು ಹೇಳುತ್ತೇನೆ. ನಿಮ್ಮ ಲಾಗ್ ನೋಡಿ ಅಲ್ಲಿನ ಗೈಡ್ ನಿಮಗೆ ಬರುತ್ತದೆ ಅಂದುಕೊಂಡು ಇನ್ನೊಬ್ಬರ ಕಡೆ ಗಮನ ಕೊಟ್ಟಿರುತ್ತಾರೆ. ನೀವು ಮೋಸ ಮಾಡುವುದು ಪಾರ್ಕಿನವರಿಗಲ್ಲ, ನಿಮ್ಮನ್ನು ಕಾಯಬೇಕಾದ ಮನುಷ್ಯನಿಗೆ.

ಕೃಷ್ಣೆ_ದಂಡೆ:

ಯಾದಗಿರಿ ಜಿಲ್ಲೆಯವನು, ನಾರಾಯಣಪುರ ಡ್ಯಾಮಿನ ಹತ್ತಿರದ ಊರು. ಕೆನಡಾದಲ್ಲಿ ವ್ಯಾಂಕೂವರ್ ದ್ವೀಪದ ಕಡೆ ನಾಲ್ಕು ವರ್ಷ ಇದ್ದು ಈಗ ವಾಪಸ್ ಬಂದಿದ್ದೇನೆ. ಮೇಲಿನವರ ಕಥೆ ಓದಿ ಎದೆ ಝಲ್ ಅಂದಿತು, ಆದರೂ ನಾನು ಸ್ವಲ್ಪ ಬೇರೆ ಹೇಳಬೇಕು.

ನಾನು ಕೋರ್ಸ್ ಮಾಡಿದವನಲ್ಲ. ಇಬ್ಬರು ಹಿರಿಯ ಡೈವರ್‌ಗಳ ಜೊತೆ ಮೂರು ತಿಂಗಳು, ಪ್ರತಿ ಭಾನುವಾರ, 5 ಮೀಟರ್‌ಗಿಂತ ಆಳಕ್ಕೆ ಹೋಗದೆ ಕಲಿತೆ. ಪಲ್ಟಿ, ಪೈಪ್ ಕಳಚುವುದು, ಸೂಟಿಗೆ ನೀರು ನುಗ್ಗಿದರೆ ಮೇಲೆ ಬರುವುದು, ಎಲ್ಲವನ್ನೂ ಅವರೇ ಮಾಡಿಸಿದರು. ಆರನೆಯ ವಾರದವರೆಗೂ ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ಕೋರ್ಸಿನಲ್ಲಿ ಏನಿರುತ್ತದೆ? ಡೈವಿಂಗ್ ಕಲಿಸಿ ಸರ್ಟಿಫಿಕೇಟ್ ಕೊಡುವ ಪಾಡಿ (PADI) ಸಂಸ್ಥೆಯ ಡ್ರೈಸೂಟ್ ಕೋರ್ಸ್ ಅಂದರೆ ಒಂದು ಈಜುಕೊಳದ ಪಾಠ, ಆಮೇಲೆ ಹೊರಗೆ ಎರಡು ಡೈವ್. ಎರಡೇ ಎರಡು. ಅಷ್ಟರಲ್ಲಿ ಕಾರ್ಡ್ ಕೈಗೆ ಬರುತ್ತದೆ. ಕಾರ್ಡ್ ಇರುವವರು ಮೂರನೆಯ ಡೈವಿನಲ್ಲಿ ತೇಲಿ ಮೇಲೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಕೋರ್ಸ್ ಮಾಡಿದರೆ ಎಲ್ಲ ಬಂತು ಅಂತ ಯಾರೂ ತಿಳಿಯಬಾರದು.

ಇನ್ನೊಂದು ಗೊಂದಲ ಕೂಡ ಇದೆ. ನೀರಿನೊಳಗೆ ತೇಲುವ ಹದ ಹಿಡಿಯಲು ಸೂಟಿನ ಗಾಳಿಯನ್ನೇ ಬಳಸಿ ಅಂತ ಕೆಲವು ಟೀಚರ್ ಹೇಳುತ್ತಾರೆ. ಇನ್ನು ಕೆಲವರು ಸೂಟಿಗೆ ಮೈ ಹಿಂಡದಷ್ಟು ಮಾತ್ರ ಗಾಳಿ ಹಾಕಿ, ಉಳಿದದ್ದನ್ನು ಬಿಸಿಡಿಗೆ (ಡೈವರ್ ತೊಡುವ, ಗಾಳಿ ತುಂಬುವ ಜಾಕೆಟ್) ಬಿಡಿ ಅನ್ನುತ್ತಾರೆ. ನಾನು ಎರಡನೆಯ ಪಕ್ಷ. ಸೂಟಿನಲ್ಲಿ ಗಾಳಿ ಕಡಿಮೆ ಇದ್ದಷ್ಟೂ ಓಡಾಡುವ ಗಾಳಿ ಕಡಿಮೆ. ಆದರೆ ಯಾವುದೋ ಒಂದನ್ನು ಹಿಡಿದು ಅದನ್ನೇ ರೂಢಿ ಮಾಡಿಕೊಳ್ಳಿ.

ಸರ್ ಅವರ ಆಸೆ ಫಲಕಗಳ ನಡುವೆ ಇರಬೇಕು ಅನ್ನುವುದಾದರೆ ಸ್ನಾರ್ಕೆಲ್, ಅಂದರೆ ಉಸಿರಾಟದ ಕೊಳವೆ ಹಿಡಿದು ನೀರಿನ ಮೇಲೇ ತೇಲುತ್ತಾ ನೋಡುವುದು, ಮಾಡಬಹುದಲ್ಲ? ಅದೇ ಬಿರುಕು, ಅದೇ ನೀರು, ಡ್ರೈಸೂಟ್ ಅವರೇ ಕೊಡುತ್ತಾರೆ, ಈಜು ಬಂದರೆ ಸಾಕು, ಸರ್ಟಿಫಿಕೇಟ್ ಬೇಡ. ನೀರು ಅಷ್ಟು ತಿಳಿಯಾಗಿರುವಾಗ ಮೇಲಿಂದಲೇ ತಳ ಕಾಣುತ್ತದೆ. ಖರ್ಚೂ ಕಡಿಮೆ.

ಸುಳ್ಳು ಲಾಗ್ ವಿಷಯದಲ್ಲಿ ಮಾತ್ರ ಬೀದರಿನವರ ಮಾತೇ ನನ್ನದೂ.

ಬೀದರ್_ಬಾವಿ:

ಕೃಷ್ಣೆ ದಂಡೆಯವರೇ, ನಿಮಗೆ ಸಿಕ್ಕಿದ್ದು ಕೋರ್ಸಿಗಿಂತ ದೊಡ್ಡ ಕಲಿಕೆ. ಒಪ್ಪುತ್ತೇನೆ. ಆದರೆ ಅದಕ್ಕೆ ಮನೆಯ ಹತ್ತಿರ ತಣ್ಣೀರು ಬೇಕು, ಮೂರು ತಿಂಗಳ ಭಾನುವಾರ ಬೇಕು, ದುಡ್ಡು ತೆಗೆದುಕೊಳ್ಳದೆ ಕಲಿಸುವ ಇಬ್ಬರು ಬೇಕು. ಕಲಬುರಗಿಯಲ್ಲಿ ಏಪ್ರಿಲ್‌ನಲ್ಲಿ 42 ಡಿಗ್ರಿ ಬಿಸಿಲು. ಸರ್ ಎಲ್ಲಿಗೆ ಹೋಗಿ ಕಲಿಯಬೇಕು, ಬೆಣ್ಣೆತೊರಾ ಡ್ಯಾಮಿಗಾ? ಅವರಿಗಿರುವುದು ಎರಡೇ ದಾರಿ, ಒಂದು ಮಧ್ಯಾಹ್ನ ಇಲ್ಲವೇ ಎರಡು ದಿನದ ಕೋರ್ಸ್. ಅವೆರಡರ ನಡುವೆ ನನಗೆ ಅನುಮಾನವೇ ಇಲ್ಲ.

ಸಿಲ್ಫ್ರಾ ಬಗ್ಗೆ ಒಂದು ಮಾತು. ನಾನು ಒಮ್ಮೆ ಇಳಿದಿದ್ದೇನೆ. ಅಲ್ಲಿ 18 ಮೀಟರ್‌ಗಿಂತ ಆಳಕ್ಕೆ ಬಿಡುವುದಿಲ್ಲ, ಹಾಗಾಗಿ ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ದಾರಿ ಒಂದೇ ಮಟ್ಟದಲ್ಲಿಲ್ಲ. ಸ್ವಲ್ಪ ಇಳಿಯುತ್ತೀರಿ, ಬಂಡೆಗಳ ಮೇಲೆ ಹಾಯಲು ಮತ್ತೆ ತೀರ ಮೇಲಕ್ಕೆ ಬರುತ್ತೀರಿ, ಮತ್ತೆ ಇಳಿಯುತ್ತೀರಿ. ಗಾಳಿ ಹೆಚ್ಚು ಆಟ ಆಡುವುದೇ ಆ ಮೇಲಿನ ಕೆಲವು ಮೀಟರಿನಲ್ಲಿ. ಪ್ರತಿ ಸಲ ಮೇಲೆ ಬರುವಾಗ ಮೊದಲೇ ಗಾಳಿ ಬಿಡಬೇಕು, ಇಳಿಯುವಾಗ ಸ್ವಲ್ಪ ಸ್ವಲ್ಪ ಹಾಕಬೇಕು. ಕೊನೆಯಲ್ಲಿ ಎಡಕ್ಕೆ ತಿರುಗಿ ಲಗೂನಿಗೆ (ಆಳವಿಲ್ಲದ ಕೊಳಕ್ಕೆ) ಹೋಗಬೇಕು, ತಿರುಗದಿದ್ದರೆ ನೀರಿನ ಸೆಳೆತ ಕೆರೆಯ ಕಡೆ ಒಯ್ಯುತ್ತದೆ. ಸೂಟ್ ಮೇಲೆ ಹಿಡಿತ ಇಲ್ಲದವರಿಗೆ ಕಣ್ಣೆತ್ತಿ ಬಂಡೆ ನೋಡಲೂ ಪುರುಸೊತ್ತು ಸಿಗುವುದಿಲ್ಲ. ನೀವು ಅಷ್ಟು ದೂರ ಹೋಗುವುದು ಬಂಡೆ ನೋಡಲಿಕ್ಕೆ ಅಲ್ವಾ?

ಸೇಡಂ_ರೋಡ್_ಡಾಕ್ಟರ್:

ನಾನು ಡೈವರ್ ಅಲ್ಲ, ಕಲಬುರಗಿಯಲ್ಲಿ ಡಾಕ್ಟರ್. ನನ್ನ ತಮ್ಮ ಡೈವ್ ಮಾಡುತ್ತಾನೆ, ಅವನಿಗಾಗಿ ಓದಿಕೊಂಡದ್ದು ನಿಮಗೂ ಉಪಯೋಗ ಆಗಬಹುದು.

ಮೊದಲು ಕತ್ತಿನ ಸೀಲ್. ಡ್ರೈಸೂಟಿನ ಕತ್ತಿಗೆ ಮತ್ತು ಮಣಿಕಟ್ಟಿಗೆ ಲೇಟೆಕ್ಸ್, ಸಿಲಿಕೋನ್ ಅಥವಾ ನಿಯೋಪ್ರೀನ್ ಪಟ್ಟಿ ಬಿಗಿಯಾಗಿ ಕೂರುತ್ತದೆ. ಸಡಿಲಾದರೆ ನೀರು ಒಳಗೆ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಬಿಗಿ ಜಾಸ್ತಿಯಾದರೆ ಆಗುವುದು ಜನರಿಗೆ ಗೊತ್ತಿಲ್ಲ. ಕತ್ತಿನ ಎರಡೂ ಬದಿಗೆ, ದವಡೆಯ ಕೆಳಗೆ, ದೊಡ್ಡ ರಕ್ತನಾಳ ಕವಲೊಡೆಯುವ ಜಾಗವಿದೆ. ಅಲ್ಲಿ ಒತ್ತಿದರೆ ಬಿಪಿ ಏರಿದೆ ಅಂತ ಮೈ ತಪ್ಪು ತಿಳಿದು ಎದೆಬಡಿತ ನಿಧಾನ ಮಾಡುತ್ತದೆ. ತಲೆ ತಿರುಗುತ್ತದೆ, ಎಚ್ಚರ ತಪ್ಪಲೂಬಹುದು. ದಂಡೆಯ ಮೇಲೆಯೇ ತಲೆ ಹಗುರವಾದ ಹಾಗೆ ಅನ್ನಿಸಿದರೆ ನಾಚಿಕೆ ಬಿಟ್ಟು ಹೇಳಿ, ಸೀಲ್ ಬದಲಾಯಿಸಿಕೊಳ್ಳಿ. ಹೊಸಬರು ಉಳಿದವರಿಗೆ ತೊಂದರೆ ಯಾಕೆ ಅಂತ ಸುಮ್ನೆ ಇದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೆಯದು ತಣ್ಣೀರು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜೋರಾಗಿ ಮೈಯ ಕಾವು ಎಳೆಯುತ್ತದೆ. ಕೈಕಾಲಿನ ರಕ್ತನಾಳ ಕುಗ್ಗಿ ರಕ್ತ ಎದೆಯ ಕಡೆ ಸೇರುತ್ತದೆ, ಬಿಪಿ ಏರುತ್ತದೆ, ಮೂತ್ರ ಜಾಸ್ತಿ ಬರುತ್ತದೆ. ಬಿಪಿ ಇರುವವರಿಗೆ, ವಯಸ್ಸಾದವರಿಗೆ ತಣ್ಣೀರಿನಲ್ಲಿ ಶ್ವಾಸಕೋಶದೊಳಗೇ ನೀರು ತುಂಬಿಕೊಳ್ಳುವ ಅಪಾಯವೂ ಇದೆ. ನೀವು ನಲವತ್ತು ದಾಟಿದ್ದರೆ ಹೋಗುವ ಮೊದಲು ಬಿಪಿ, ಇಸಿಜಿ ಮಾಡಿಸಿ. ಮೂತ್ರ ಬರುತ್ತದೆ ಅಂತ ನೀರು ಕುಡಿಯದೆ ಇಳಿಯಬೇಡಿ, ಮೈ ಒಣಗಿದ್ದರೆ ಡೈವ್ ಆದ ಮೇಲಿನ ತೊಂದರೆಗಳು ಹೆಚ್ಚು.

ಮೂರನೆಯದು ವಿಮಾನ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ಟಿಕೆಟ್ ಮಾಡುವಾಗಲೇ ಕೊನೆಯ ದಿನ ಖಾಲಿ ಇಟ್ಟುಕೊಳ್ಳಿ. ಡೈವಿಂಗ್ ಇನ್ಶೂರೆನ್ಸ್ ಮಾಡಿಸಿ, ಕಾಗದವನ್ನು ಪೂರ್ತಿ ಓದಿ. ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸಿನಲ್ಲಿ ಡೈವಿಂಗ್ ಸೇರಿರುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಬೀದರಿನವರಿಗೆ ಒಂದು ಮಾತು. ಆವತ್ತು ನೀವು ಕೂಗುತ್ತಾ ಮೇಲೆ ಬಂದದ್ದು ದೊಡ್ಡದು. ಉಸಿರು ಹಿಡಿದಿದ್ದರೆ ಆ 11 ಮೀಟರಿನಲ್ಲೇ ಶ್ವಾಸಕೋಶ ಹರಿಯಬಹುದಿತ್ತು.

ಶಹಾಬಾದ್_ಕಲ್ಲು:

ಮೂವರಿಗೂ ಮನಸ್ಸು ತುಂಬಿ ಧನ್ಯವಾದ. ನಿನ್ನೆ ರಾತ್ರಿ ಇದನ್ನೆಲ್ಲ ಮನೆಯವರಿಗೆ ಓದಿ ಹೇಳಿದೆ. ಡಬ್ಬ ಕಾಲಿಗೆ ಜಾರುವ ಮಾತು ಬಂದಾಗ ಅವಳು "ನಿಲ್ಲಿಸಿ" ಅಂದಳು. ಅವಳ ತಮ್ಮ ಹಾಗೇ ಒಮ್ಮೆ ಬಾವಿಯಲ್ಲಿ ಸ್ವಲ್ಪದರಲ್ಲಿ ಬದುಕಿಕೊಂಡವನು.

ಆ ಪರಿಚಯದವರಿಗೆ ಬೆಳಗ್ಗೆಯೇ ಫೋನ್ ಮಾಡಿ ಲಾಗ್‌ಬುಕ್ ಬೇಡ ಅಂತ ಹೇಳಿದೆ. ಸ್ವಲ್ಪ ಬೇಜಾರಾದರು. ಇರಲಿ.

ಸ್ನಾರ್ಕೆಲ್ ಬಗ್ಗೆ ತುಂಬ ಯೋಚಿಸಿದೆ. ಮೇಲಿಂದ ನೋಡುವುದೂ ಕಡಿಮೆಯೇನಲ್ಲ. ಆದರೆ ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಮೇಲಿನಿಂದಲೇ ನೋಡಿದ್ದೇನೆ. ಒಂದು ಸಲ ಎರಡು ಗೋಡೆಗಳ ನಡುವೆ ಇರಬೇಕು, ಎರಡೂ ಕಡೆ ಕಲ್ಲು ಎದ್ದು ನಿಂತಿರಬೇಕು. ಹಾಗಾಗಿ ಹೀಗೆ ಮಾಡುತ್ತೇನೆ. ಪ್ರವಾಸವನ್ನು ಒಂದು ವರ್ಷ ಮುಂದಕ್ಕೆ ಹಾಕುತ್ತೇನೆ. ಅಷ್ಟರಲ್ಲಿ ಕೋರ್ಸಿನ ಹಣ ಕೂಡಿಡುತ್ತೇನೆ, ನೇತ್ರಾಣಿಗೆ ಇನ್ನೆರಡು ಸಲ ಹೋಗಿ ಹದ ಹಿಡಿಯುವುದನ್ನು ಚೆನ್ನಾಗಿ ಕಲಿಯುತ್ತೇನೆ. ಅಲ್ಲಿಗೆ ಹೋದ ಮೇಲೆ ಮೊದಲು ಕೋರ್ಸ್. ಟೀಚರ್ ನೀವು ಇನ್ನೂ ತಯಾರಿಲ್ಲ ಅಂದರೆ ಸ್ನಾರ್ಕೆಲ್ ಮಾಡಿಕೊಂಡು ಬರುತ್ತೇನೆ, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ.

ಒಂದು ಸಣ್ಣ ಪ್ರಶ್ನೆ. ಒಂದು ಹಳೆಯ ಸೂಟ್ ಕೊಂಡು ಇಲ್ಲೇ ಮನೆಯಲ್ಲಿ ಹಾಕಿ ಬಿಚ್ಚಿ ರೂಢಿ ಮಾಡಿಕೊಂಡರೆ ಆಗುತ್ತದಾ?

ಕೃಷ್ಣೆ_ದಂಡೆ:

ಕೊಳ್ಳಬೇಡಿ ಸರ್. ನಮ್ಮ ಕಡೆಯ ಬಿಸಿಲಿಗೆ ಲೇಟೆಕ್ಸ್ ಸೀಲ್ ಎರಡು ಬೇಸಿಗೆ ತಾಳುವುದಿಲ್ಲ, ಮೊದಲು ಅಂಟಂಟಾಗಿ ಆಮೇಲೆ ಹರಿದುಹೋಗುತ್ತದೆ. ನಾನು ತಂದದ್ದು ಹಾಗೇ ಆಯಿತು. ಮತ್ತೆ ಬೇರೆಯವರ ಅಳತೆಯ ಸೂಟ್ ಬೇಡವೇ ಬೇಡ, ದೊಡ್ಡ ಸೂಟ್ ಅಂದರೆ ಗಾಳಿಗೆ ಜಾಸ್ತಿ ಜಾಗ. ಅಲ್ಲಿಗೆ ಹೋದಾಗ ನಿಮ್ಮ ಎತ್ತರ, ತೂಕ, ಬೂಟಿನ ಅಳತೆ ಮೊದಲೇ ಕಳಿಸಿ. ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಹಾಕುವಾಗಲೂ ನೇತ್ರಾಣಿಯ ಲೆಕ್ಕ ನಡೆಯುವುದಿಲ್ಲ. ಸೂಟಿಗಾಗಿ ಜಾಸ್ತಿ ಬೇಕು, ಸಿಹಿನೀರು ಆದ್ದರಿಂದ ಸ್ವಲ್ಪ ಕಡಿಮೆ ಬೇಕು. ಇಳಿಯುವ ಮೊದಲು ಅಲ್ಲೇ ತೂಗಿ ನೋಡಿಸಿಕೊಳ್ಳಿ. ಗಾಳಿ ಗುಂಡಿಯನ್ನು ಒತ್ತಿ ಹಿಡಿಯಬೇಡಿ, ಚುಟುಕು ಚುಟುಕಾಗಿ ಒತ್ತಿ, ಉದ್ದಕ್ಕೆ ಒತ್ತಿದರೆ ಅಂಥ ತಣ್ಣೀರಿನಲ್ಲಿ ಹೆಪ್ಪುಗಟ್ಟಿ ಸಿಕ್ಕಿಕೊಳ್ಳುತ್ತದೆ.

ಒಂದು ವರ್ಷ ಕಾಯುವ ನಿಮ್ಮ ನಿರ್ಧಾರ ನನಗೆ ಭಾಳ ಹಿಡಿಸಿತು.

ಬೀದರ್_ಬಾವಿ:

ನನ್ನ ಸೂಟ್ ಇದೆ ಸರ್, ಸಿಲಿಕೋನ್ ಸೀಲಿನದು, ಇನ್ನೂ ಚೆನ್ನಾಗಿದೆ. ನೀರಿಗೆ ಇಳಿಸುವುದಿಲ್ಲ, ನಾನು ಟೀಚರ್ ಅಲ್ಲ. ಆದರೆ ಸೀಲಿನೊಳಗೆ ಕೈ ತಲೆ ತೂರಿಸುವುದು, ಕೂದಲು ಸಿಕ್ಕದ ಹಾಗೆ ನೋಡಿಕೊಳ್ಳುವುದು, ಜಿಪ್ ಎಳೆಯುವುದು, ಗ್ಲೌಸ್ ಹಾಕಿಕೊಂಡು ಕಣ್ಣು ಮುಚ್ಚಿ ಪೈಪ್ ಕಳಚುವುದು, ಇಷ್ಟನ್ನು ನೆಲದ ಮೇಲೆ ಕೂತು ನೂರು ಸಲ ಮಾಡಬಹುದು. ಅದು ರೂಢಿಯಾದರೆ ಕೋರ್ಸಿನ ಎರಡೂ ದಿನ ನೀರಿನೊಳಗಿನ ಕೆಲಸಕ್ಕೇ ಸಿಗುತ್ತವೆ.

ಡಿಸೆಂಬರ್‌ನಲ್ಲಿ ಬೀದರಿಗೆ ಬನ್ನಿ. ಬೇಸಿಗೆಯಲ್ಲಿ ಆ ಸೂಟಿನೊಳಗೆ ಹತ್ತು ನಿಮಿಷ ಇದ್ದರೂ ಕಷ್ಟ, ಆದ್ದರಿಂದ ಚಳಿಯಲ್ಲಿ, ಬೆಳಗ್ಗೆ 6 ಗಂಟೆಗೇ ಶುರು ಮಾಡೋಣ. ಉಗುರು ಕತ್ತರಿಸಿಕೊಂಡು, ಉಂಗುರ, ವಾಚು ಮನೆಯಲ್ಲಿ ಬಿಟ್ಟು ಬನ್ನಿ, ಸೀಲ್ ಹರಿಯುತ್ತದೆ. ಮನೆಯವರನ್ನೂ ಕರೆತನ್ನಿ. ಮುಗಿದ ಮೇಲೆ ಝರಣಿ ನರಸಿಂಹನ ಗುಡಿಗೆ ಹೋಗೋಣ, ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದರ್ಶನ ಮಾಡುವುದು ಅವರಿಗೂ ಇಷ್ಟ ಆಗಬಹುದು.